ಒಂದು ಒಲೆ, ಒಂದು ಕುಟುಂಬ

ಗೋಡಂಬಿ ಅಗಿಯುತ್ತ ಬಡವರ ಕಕ್ಕಸಿನ ಬಗ್ಗೆ ಮಾತಾಡುವವರನ್ನು ಕಂಡರೆ ನನಗೆ ಹೇಸಿಗೆ. ಅಂಥವರ ಎದುರು ಕೂತು ಎಂಟು ತಿಂಗಳು ಟಿಪ್ಪಣಿ ಬರೆದುಕೊಂಡೆನಲ್ಲ, ನನ್ನ ಮೇಲೂ ಅಷ್ಟೇ ಹೇಸಿಗೆ.

ನಾನು ಭುವನೇಶ್ವರಿ. ತವರು ಹುಮನಾಬಾದ್ ಕಡೆ. ಮದುವೆಯಾಗಿ ನಾಸಿಕ್‌ಗೆ ಬಂದು ಇಪ್ಪತ್ತೊಂಬತ್ತು ವರ್ಷ ಆಯಿತು. ಚೌಕಟ್ ಅಸೋಸಿಯೇಟ್ಸ್ ಎಂಬ ಸಲಹಾ ಕಂಪನಿಯಲ್ಲಿ ಮನೆ ಅಳೆಯುವುದು, ನಕ್ಷೆ ಬರೆಯುವುದು ನನ್ನ ಕೆಲಸ. ಹೋದ ವರ್ಷ ಈ ಕಂಪನಿಗೆ ನಗರಪಾಲಿಕೆಯಿಂದ ಒಂದು ದೊಡ್ಡ ಗುತ್ತಿಗೆ ಸಿಕ್ಕಿತು. ಒಂದೇ ಕಟ್ಟಡದಲ್ಲಿ ಹಲವು ಕುಟುಂಬಗಳು ಬಾಡಿಗೆಗಿದ್ದರೆ ಅಂಥ ಕಟ್ಟಡ ಊರಿನ ಯಾವ ಭಾಗದಲ್ಲಿ ಇರಬಹುದು, ಕೋಣೆ ಎಷ್ಟು ದೊಡ್ಡದಿರಬೇಕು, ಕಿಟಕಿ ಎಷ್ಟು, ಎಷ್ಟು ಕುಟುಂಬಕ್ಕೆ ಎಷ್ಟು ಕಕ್ಕಸು ಎಂಬ ನಿಯಮಗಳ ಕರಡು ಬರೆದುಕೊಡುವ ಗುತ್ತಿಗೆ. ಅದಕ್ಕೊಂದು ಏಳು ಜನರ ಸಮಿತಿ. ಆ ಏಳರಲ್ಲಿ ಬಾಡಿಗೆ ಮನೆಯಲ್ಲಿರುವವರು ಒಬ್ಬರಾದರೂ ಇದ್ದರೇ? ಒಬ್ಬರೂ ಇರಲಿಲ್ಲ!

ಮೊದಲ ಸಭೆಯಲ್ಲಿ ಐದು ಕುಟುಂಬಕ್ಕೆ ಒಂದು ಕಕ್ಕಸು ಸಾಕು ಎಂದರು. ಅಧ್ಯಕ್ಷರು ನಿವೃತ್ತ ಇಂಜಿನಿಯರ್, ಅವರ ಫ್ಲ್ಯಾಟಿನಲ್ಲಿ ಇಬ್ಬರಿಗೆ ಮೂರು ಕಕ್ಕಸುಗಳಿವೆ, ಆ ನಕ್ಷೆ ಬರೆದವಳು ನಾನೇ. ಎರಡು ಗಂಟೆ ಜಗ್ಗಾಡಿ ಕೊನೆಗೆ ಎರಡು ಕುಟುಂಬಕ್ಕೆ ಒಂದು ಎಂಬಲ್ಲಿಗೆ ಬಂದು ನಿಂತಿತು. ಅಷ್ಟರಲ್ಲಿ ಯಾರೋ ಕೇಳಿದರು, ಕುಟುಂಬ ಅಂದರೆ ಏನು? ಅಣ್ಣ ತಮ್ಮ ಹೆಂಡಿರು ಮಕ್ಕಳೊಂದಿಗೆ ಒಂದೇ ಮನೆಯಲ್ಲಿದ್ದರೆ ಒಂದೋ ಎರಡೋ? ಅಧ್ಯಕ್ಷರು ನನ್ನ ಕಡೆ ತಿರುಗಿ, ಮರಾಠಿಯವರು ಹೆಂಗಸರನ್ನು ಕರೆಯುವಂತೆ ‘ಬಾಯಿ’ ಎಂದು ಕರೆದು, ಅದೊಂದು ವ್ಯಾಖ್ಯೆ ನೀವೇ ಬರೆದುಬಿಡಿ ಎಂದು ಎದ್ದರು.

ಅದನ್ನು ಬರೆಯಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಮನೆ ಅಳೆಯುವ ನಮ್ಮಂಥವರು ಮೊದಲಿಂದ ಎಣಿಸುವುದೇ ಒಲೆಯನ್ನು. ಬಾಡಿಗೆಯವರೂ ಸುಳ್ಳು ಹೇಳುತ್ತಾರೆ, ಮಾಲೀಕರೂ ಸುಳ್ಳು ಹೇಳುತ್ತಾರೆ, ಆದರೆ ಮಸಿ ಹಿಡಿದ ಒಲೆಕಟ್ಟೆ ಸುಳ್ಳು ಹೇಳುವುದಿಲ್ಲ. ಒಂದು ಒಲೆ, ಒಂದು ಕುಟುಂಬ. ಎಣಿಸುವ ದಿನ ಕಣ್ಣಿಗೆ ಕಂಡ ಒಲೆಯೇ ಲೆಕ್ಕ. ಹಾಗೆಂದು ಬರೆದು, ಮೂರು ಸಲ ಓದಿಕೊಂಡು, ಜಂಬಪಟ್ಟೆ.

ಮುಂದಿನ ಸಭೆಗೆ ಮೊದಲು ಸಮಿತಿಯನ್ನು ಛತ್ರಪತಿ ಸಂಭಾಜಿನಗರಕ್ಕೆ ಕರೆದುಕೊಂಡು ಹೋದರು. ಅಧ್ಯಯನ ಪ್ರವಾಸವಂತೆ. ವಾಳೂಜ್‌ನ ಕಾರ್ಖಾನೆಗಳ ಹತ್ತಿರ ಒಬ್ಬರು ಕಟ್ಟಿಸಿದ ಬಾಡಿಗೆ ಕಟ್ಟಡ ಮಾದರಿ ಎಂದು ಹೆಸರಾಗಿತ್ತು. ನಿಜಕ್ಕೂ ಚೆನ್ನಾಗಿತ್ತು. ಕೋಣೆಗೊಂದು ಗಾಳಿಯಾಡುವ ಕಿಟಕಿ, ಮನೆಗೊಂದು ಕಕ್ಕಸು. ಔರಾದ್ ಕಡೆಯ ಲತಾ ಎಂಬ ಹೆಂಗಸು ನಾನು ಕನ್ನಡದವಳೆಂದು ತಿಳಿದದ್ದೇ ಕೈಹಿಡಿದು ಒಳಗೆ ಕರೆದೊಯ್ದು, ಬೇರೆಯವರು ಟಿ.ವಿ. ತೋರಿಸುವ ಉತ್ಸಾಹದಲ್ಲಿ ತನ್ನ ಕಕ್ಕಸಿನ ಬಾಗಿಲು ತೆಗೆದು ತೋರಿಸಿದಳು. "ನೋಡ್ರಿ ಅಕ್ಕೋರ, ಬೀಗ ನಮ್ದು, ಕೀಲಿ ನಮ್ದು. ಯಾರ್ದೂ ಹಂಗಿಲ್ಲ" ಎಂದಳು. ಸಮಿತಿಯವರು ಅಲ್ಲಿದ್ದದ್ದು ಹನ್ನೊಂದು ನಿಮಿಷ. ಫೋಟೊ ತೆಗೆಸಿಕೊಂಡರು, ಇದು ತೀರಾ ಐಷಾರಾಮಿ ಆಯಿತು ಎಂದರು, ಆಮೇಲೆ ಹಿಮ್ರೂ ಶಾಲು ಕೊಳ್ಳಲು ಎರಡೂವರೆ ಗಂಟೆ ಅಂಗಡಿಯಲ್ಲಿ ಕೂತರು. ಥೂ!

ವಾಪಸು ಬರುವಾಗ ಕಾರಿನಲ್ಲಿ ನನ್ನ ಪಕ್ಕ ಹರಿದಾಸರು ಕೂತಿದ್ದರು. ಸಮಿತಿಯಲ್ಲಿ ಮನೆ ಮಾಲೀಕರ ಪ್ರತಿನಿಧಿ ಅವರು. ಉಡುಪಿ ಕಡೆಯವರು, ನಾಸಿಕ್‌ನಲ್ಲಿ ಎರಡು ಸಸ್ಯಾಹಾರಿ ಹೋಟೆಲು, ಅದೇ ಊರಿನ ಪಂಚವಟಿಯಲ್ಲಿ ಒಂದು ಹಳೆಯ ವಾಡೆ, ಮಾಳಿಗೆಗಳ ದೊಡ್ಡ ಮನೆ. ಆ ವಾಡೆಯ ಒಂಬತ್ತು ಕೋಣೆಗಳಲ್ಲಿ ನಮ್ಮ ಬೀದರ್ ಕಡೆಯ ಒಂಬತ್ತು ಕುಟುಂಬಗಳು ಬಾಡಿಗೆಗಿದ್ದವು. ಮಾತು ಬಲು ಮೃದು. ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕೇಳಿಲ್ಲ.

"ಅಲ್ಲ ಮೇಡಂ, ಈ ಕುಟುಂಬ ಲೆಕ್ಕ ಮಾಡುದು ಹೇಗೆ ಅಂತ? ತಲೆಬಿಸಿ ಅಲ್ವಾ ಅದು?" ಎಂದು ಕೇಳಿದರು.

ದಿನವಿಡೀ ಮರಾಠಿ ಇಂಗ್ಲಿಷು ಕೇಳಿ ಕಿವಿ ಬಳಲಿತ್ತು. ಕನ್ನಡ ಬಿತ್ತು ಅಂದರೆ ನನ್ನ ನಾಲಿಗೆ ಸಡಿಲ, ಹಾಳು ನಾಲಿಗೆ! ಸಭೆಗೆ ಇನ್ನೂ ಬರದ ವ್ಯಾಖ್ಯೆಯನ್ನು ಅಕ್ಷರ ಬಿಡದೆ ಅವರಿಗೆ ಹೇಳಿದೆ. ಒಲೆ ಎಣಿಸುವುದರಿಂದ ಯಾರೂ ಮೋಸ ಮಾಡಲಾಗುವುದಿಲ್ಲ ಎಂದು ಬೇರೆ ಸೇರಿಸಿದೆ.

"ಭಾರೀ ಲಾಯ್ಕ ಬರೆದಿದ್ದೀರಿ ಮಾರಾಯ್ರೆ" ಎಂದರು. ಮುಂದಿನ ಸಭೆಯಲ್ಲಿ ನನ್ನ ವ್ಯಾಖ್ಯೆಗೆ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ. ನಾನು ಹಲ್ಲು ಕಿಸಿದೆ.

ಜನವರಿಯಲ್ಲಿ ಪಂಚವಟಿಯಲ್ಲೇ ನಿಯಮಗಳನ್ನು ಮೊದಲು ಜಾರಿ ಮಾಡಿ ನೋಡುವುದೆಂದು ಆಯಿತು. ಎಣಿಕೆಗೆ ನನ್ನ ಜೊತೆ ಬಂದವನು ಖೈರ್ನಾರ್, ನಮ್ಮ ಕಂಪನಿಯ ಕಿರಿಯ ಇಂಜಿನಿಯರ್. ಕನ್ನಡ ಬಾರದ ಮರಾಠಿಯವನು, ಕೆಟ್ಟವನಲ್ಲ, ಫಾರ್ಮಿನಲ್ಲಿ ಎಷ್ಟು ಖಾನೆ ಇವೆಯೋ ಅಷ್ಟೇ ಯೋಚಿಸುವವನು. ನಾಲ್ಕನೆಯ ದಿನ ಹರಿದಾಸರ ವಾಡೆಗೆ ಹೋದೆವು.

ಆ ಕಕ್ಕಸಿನ ಬಗ್ಗೆ ಹೇಳದೆ ಬಿಟ್ಟರೆ ನಾನೂ ಸಮಿತಿಯವಳೇ ಆದೆ. ಹಿತ್ತಿಲಿನ ಮೂಲೆಯಲ್ಲಿ ತಗಡಿನ ಬಾಗಿಲಿನದು, ಒಂದೇ ಒಂದು. ಬಾಗಿಲಿನ ಕೆಳಗಿನ ಒಂದು ಗೇಣು ತುಕ್ಕು ತಿಂದು ಹೋಗಿ ಒಳಗೆ ಕೂತವರ ಕಾಲು ಹೊರಗಿನವರಿಗೆ ಕಾಣುತ್ತಿತ್ತು. ಚಿಲಕವಿಲ್ಲ, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡೇ ಕೂರಬೇಕು. ಗುಂಡಿ ತುಂಬಿದಾಗ ನೀರು ಹೊಸ್ತಿಲು ದಾಟಿ ಬರುತ್ತಿತ್ತು, ದಾಟಲು ಎರಡು ಇಟ್ಟಿಗೆ ಇಟ್ಟಿದ್ದರು. ಮೂವತ್ತೆಂಟು ಜನಕ್ಕೆ ಅದೊಂದೇ. ಬಾಗಿಲ ಮುಂದೆ ಬಕೆಟ್ ಹಿಡಿದು ಒಬ್ಬ ಬಸುರಿ ನಿಂತಿದ್ದಳು. ಏಳು ತಿಂಗಳು ಇರಬೇಕು. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

"ಅಕಿ ನಮ್ಮ ಸೊಸಿ ರುಚಿತಾ ರಿ" ಎನ್ನುತ್ತ ಬಂದವಳು ಪ್ರೇಮಾಬಾಯಿ, ಆ ವಾಡೆಯ ಹಿರಿಯಳು. ಶರಣು ಶರಣಾರ್ಥಿ ಆಯಿತು, ಯಾವ ಊರು, ಯಾರ ಪೈಕಿ ಎಂದೆಲ್ಲ ಆಯಿತು. "ಮೂರ್ನೇ ಮಾಳಿಗಿಲಿಂದ ಇಳದು ಬರಬೇಕ್ರಿ ಪಾಪ. ಮತ್ತ ಮತ್ತ ಇಳಿಯೋದು ಆಗಲ್ಲಂತ ನೀರೇ ಕುಡಿಯಂಗಿಲ್ಲ. ಡಾಕ್ಟರ್ ಬೈದಾರ, ಮೂತ್ರದಾಗ ಸೋಂಕು ಆಗ್ಯದ, ಹಿಂಗೇ ಮಾಡಿದ್ರ ಕೂಸಿಗಿ ತ್ರಾಸ ಅಂತ" ಎಂದಳು.

ನನಗೆ ಒಳಗೊಳಗೇ ಸಂತೋಷವಾಯಿತು. ಒಂಬತ್ತು ಒಲೆ, ಒಂಬತ್ತು ಕುಟುಂಬ, ಐದು ಕಕ್ಕಸು. ಇನ್ನೆರಡು ತಿಂಗಳಲ್ಲಿ ಹರಿದಾಸರು ಇನ್ನೂ ನಾಲ್ಕನ್ನು ಕಟ್ಟಿಸಲೇಬೇಕು. ಒಂದಾದರೂ ಮೇಲಿನ ಮಾಳಿಗೆಗೆ ಹಾಕಿಸಬಹುದು ಎಂದು ಲೆಕ್ಕ ಹಾಕುತ್ತಲೇ ಕೋಣೆಗಳನ್ನು ನೋಡಲು ಹತ್ತಿದೆ.

ಒಂದು ಕೋಣೆಯಲ್ಲೂ ಒಲೆಕಟ್ಟೆ ಇರಲಿಲ್ಲ. ಒಡೆದು ತೆಗೆದು, ಆ ಜಾಗಕ್ಕೆ ಹೊಸ ಸಿಮೆಂಟು ಮೆತ್ತಿದ್ದರು. ಒಂಬತ್ತು ಕೋಣೆಯಲ್ಲೂ ಹಾಗೇ.

"ಒಲಿ ಎಲ್ಲಿ ಹೋದ್ವು?" ಎಂದೆ.

ಪ್ರೇಮಾಬಾಯಿಯ ಮುಖ ಅರಳಿತು. "ಬರ್ರಿ ಅಕ್ಕೋರ, ತೋರಸ್ತೀನಿ" ಎಂದು ಕೆಳಗಿನ ಪಡಸಾಲೆಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ದೊಡ್ಡ ಗ್ಯಾಸ್ ಒಲೆ, ಹೋಟೆಲಿನಿಂದ ತಂದ ಸ್ಟೀಲಿನ ಪಾತ್ರೆಗಳು, ಗೋಡೆಯ ಮೇಲೆ ಹೂವಿನ ಹಾರ ಹಾಕಿದ ಬಸವಣ್ಣನ ಫೋಟೊ. ನಾಲ್ಕೈದು ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಬೋರ್ಡು: ದಾಸೋಹ ಮನೆ.

"ಮಾಲಕ್ರು ತಾವಾಗೇ ಮಾಡಿಸಿಕೊಟ್ರು ರಿ. ನೀವು ಬಸವಣ್ಣನ ಮಕ್ಕಳು, ಒಂಬತ್ತು ಒಲಿ ಯಾಕ, ಕೂಡಿ ಉಣ್ಣರಿ ಅಂದ್ರು. ಎಂಥ ಪುಣ್ಯವಂತ್ರು ನೋಡ್ರಿ! ಈ ಶಿವರಾಯ ಕಾಕಾ ಒಬ್ಬವನೇ ಇರ್ತಾನ, ಬ್ರೆಡ್ ತಿಂದು ಮಲಗ್ತಿದ್ದ. ಈಗ ಬಿಸಿ ರೊಟ್ಟಿ ಉಣ್ತಾನ. ಶರಣಬಸವನ ಹೇಣ್ತಿ ಫ್ಯಾಕ್ಟರಿಗಿ ಹೋಗ್ತಾಳ, ಅಕಿ ಅವಳಿ ಮಕ್ಳು ಇಲ್ಲೇ ಉಣ್ತಾವ. ಒಂದೂವರಿ ತಿಂಗಳಾತು, ಒಂದ ದಿನ ಜಗಳಿಲ್ಲ ರಿ."

ಒಂದೂವರೆ ತಿಂಗಳು. ಸಂಭಾಜಿನಗರದಿಂದ ಬಂದು ಎರಡು ತಿಂಗಳಾಗಿತ್ತು. ಕಾರಿನಲ್ಲಿ ನಾನು ಹೇಳಿದ್ದು, ಅವರು ಭಾರೀ ಲಾಯ್ಕ ಎಂದದ್ದು ಎಲ್ಲ ಒಟ್ಟಿಗೆ ನೆನಪಾಗಿ ಮೈ ಉರಿದುಹೋಯಿತು. ಕಕ್ಕಸು ತಪ್ಪಿಸಿಕೊಳ್ಳಲು ಬಸವಣ್ಣನನ್ನು ತಂದು ಗೋಡೆಗೆ ನೇತುಹಾಕಿದ್ದನಲ್ಲ ಈ ಮನುಷ್ಯ!

ಅಷ್ಟರಲ್ಲಿ ಖೈರ್ನಾರ್ ಫಾರ್ಮು ತೆಗೆದು, "ಚುಲಿ ಕಿತಿ, ಬಾಯಿ?" ಎಂದು ಮರಾಠಿಯಲ್ಲಿ ಕೇಳಿದ. ಒಲೆ ಎಷ್ಟು ಎಂದು.

"ಒಂದೇ" ಎಂದಳು ಪ್ರೇಮಾಬಾಯಿ, ಎದೆ ಮೇಲೆ ಕೈಯಿಟ್ಟು. "ನಾವೆಲ್ಲ ಒಂದೇ ಮನೆತನದವ್ರು ಅಂತ ಬರ್ಕೊರಿ. ನಮ್ದು ತಮ್ದು ಅಂಬೋದು ಈ ವಾಡೆದಾಗ ಇಲ್ಲ."

"ಪ್ರೇಮಾಬಾಯಿ, ಬಾಯಿ ಮುಚ್ಚರಿ ಸ್ವಲ್ಪ" ಎಂದುಬಿಟ್ಟೆ. ಹೆಂಗಸರೆಲ್ಲ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ನಿಮ್ಮ ಒಲಿಗೋಳು ಎಲ್ಲವ? ಒಂಬತ್ತು ಒಲಿ ಅದಾವಂತ ಹೇಳ್ರಿ."

"ಏನಂದ್ರಿ? ಅಕ್ಕೋರ, ದಾಸೋಹದಾಗ ನಿಂತು, ಅಪ್ಪ ಬಸವಣ್ಣನ ಮುಂದ ಸುಳ್ಳ ಹೇಳ್ಲೇನು ನಾ? ಒಂದೇ ಹರಿವಾಣದಾಗ ಉಂಡು ನಾವು ಬ್ಯಾರೆ ಬ್ಯಾರೆ ಅನ್ಲೇನು? ನಮ್ಮ ಕಡಿಯವ್ರಾಗಿ ನೀವು ಹಿಂಗ ಅಂತೀರಾ?" ಎಂದು ಸಿಟ್ಟಿನಿಂದ ನನ್ನೆದುರು ಬಂದು ನಿಂತಳು.

ಎಲ್ಲವನ್ನೂ ಬಿಡಿಸಿ ಹೇಳಿದೆ. ಒಲೆಗೊಂದು ಕುಟುಂಬ, ಎರಡು ಕುಟುಂಬಕ್ಕೊಂದು ಕಕ್ಕಸು, ಒಂದು ಎಂದು ಬರೆದರೆ ಈ ತಗಡಿನ ಬಾಗಿಲೇ ನಿಮಗೆ ಗತಿ, ಒಂಬತ್ತು ಎಂದು ಬರೆದರೆ ಐದು. ಈ ನಿಯಮ ಬರೆದವಳು ನಾನೇ ಎಂಬುದನ್ನೂ, ಅದನ್ನು ನಿಮ್ಮ ಪುಣ್ಯವಂತನ ಕಿವಿಗೆ ಹಾಕಿದವಳೂ ನಾನೇ ಎಂಬುದನ್ನೂ ಹೇಳಿದೆ. ಹಿತ್ತಿಲಿನ ಬಾಗಿಲಿನಿಂದ ರುಚಿತಾ ಖಾಲಿ ಬಕೆಟ್ ಹಿಡಿದು ಒಳಗೆ ಬಂದಳು, ಬೆವರಿದ್ದಳು. ಪ್ರೇಮಾಬಾಯಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಟ್ಟದ ಮ್ಯಾಲಿನ ಒಲಿ ಇಳಸ್ರೇ" ಎಂದಳು ಉಳಿದವರಿಗೆ. "ಎಲ್ಲಾರೂ ತಮ್ಮ ತಮ್ಮ ಖೋಲಿದಾಗ ಒಲಿ ಹಚ್ಚರಿ. ದಾಸೋಹ ಎಲ್ಲಿ ಓಡಿ ಹೋಗ್ತದ, ಮದ್ಲ ಕಕ್ಕಸ ಬರ್ಲಿ."

ಅರ್ಧ ಗಂಟೆಯಲ್ಲಿ ಒಂಬತ್ತು ಕೋಣೆಗಳಲ್ಲಿ ಒಂಬತ್ತು ಸಣ್ಣ ಗ್ಯಾಸ್ ಒಲೆಗಳ ಮೇಲೆ ಚಹಾ ಕುದಿಯಿತು. ಖೈರ್ನಾರ್ ತಲೆ ಕೆರೆದುಕೊಂಡ. ಕಂಡ ಒಲೆಯೇ ಲೆಕ್ಕ ಎಂದು ನಿಯಮದಲ್ಲೇ ಇದೆಯಲ್ಲ ಎಂದೆ. ಹೌದು ಎಂದು ಒಂಬತ್ತು ಬರೆದ. ಅಂದು ಮನೆಗೆ ಹೋಗಿ ನಾನು ಗಂಡನಿಗೆ ಇಡೀ ಕಥೆಯನ್ನು ಎರಡು ಸಲ ಹೇಳಿದೆ, ಅಷ್ಟು ಹಿಗ್ಗು ನನಗೆ.

ಫೆಬ್ರವರಿಯ ಸಭೆಯಲ್ಲಿ ಆ ಹಿಗ್ಗೆಲ್ಲ ಇಳಿಯಿತು. ಕರಡಿನ ಕೋಷ್ಟಕದಲ್ಲಿ ಒಂದು ಸಾಲು ಖಾಲಿ ಇತ್ತು: ಇಷ್ಟು ಅಳತೆಯ ನಿವೇಶನದಲ್ಲಿ ಹೆಚ್ಚೆಂದರೆ ಎಷ್ಟು ಕುಟುಂಬ ಇರಬಹುದು. ಅಧ್ಯಯನದ ನಂತರ ನಿರ್ಧರಿಸುವುದು ಎಂದು ನಾನೇ ಬರೆದಿದ್ದೆ. ಹರಿದಾಸರು ಕನ್ನಡಕ ಒರೆಸಿಕೊಂಡು, ಹಳೆಯ ವಾಡೆಗಳಲ್ಲಿ ಬೆಂಕಿ ಬಿದ್ದರೆ ಏನು ಗತಿ, ಒಂದೊಂದು ಕೋಣೆಯಲ್ಲೂ ಗ್ಯಾಸ್ ಒಲೆ ಹಚ್ಚುತ್ತಿದ್ದಾರೆ, ನನಗಂತೂ ಭಯವಾಗುತ್ತದೆ ಎಂದರು. ಅಧ್ಯಕ್ಷರು ಹೌದು ಹೌದು ಎಂದು, ಪಂಚವಟಿಯ ವಾಡೆಗಳ ಅಳತೆಗೆ ಎಷ್ಟು ಇಡೋಣ, ಎಂಟು? ಎಂದು ಕೇಳಿದರು.

"ಆರು" ಎಂದರು ಹರಿದಾಸರು.

ಸಮೋಸಾ ಬಂತು. ಆರು ಎಂದು ಬರೆಯಲಾಯಿತು. ನಾನು ಎದ್ದು ನಿಂತು, ಆರು ಯಾವ ಆಧಾರದ ಮೇಲೆ, ಯಾರು ಅಳೆದದ್ದು, ಏಳು ಯಾಕಲ್ಲ, ಹತ್ತು ಯಾಕಲ್ಲ ಎಂದು ಕೇಳಿದೆ. ಹೆಚ್ಚಾದವರು ಎಲ್ಲಿಗೆ ಹೋಗಬೇಕು ಎಂದೂ ಕೇಳಿದೆ. ಅಧ್ಯಕ್ಷರು ಚಟ್ನಿ ಬೆರಳನ್ನು ಕಾಗದದ ಕರವಸ್ತ್ರಕ್ಕೆ ಒರೆಸುತ್ತ, "ಬಾಯಿ, ನೀವು ಟಿಪ್ಪಣಿ ಬರೆಯಲು ಬಂದಿದ್ದೀರಿ" ಎಂದರು. ಆ ಬೆರಳುಗಳಿಂದಲೇ ಕರಡಿಗೆ ಸಹಿ ಹಾಕಿದರು. ಎಣ್ಣೆಯ ಗುರುತು ಹಾಳೆಯ ಮೇಲೆ ಈಗಲೂ ಇದೆ.

ಹೊರಗೆ ಲಿಫ್ಟಿನ ಹತ್ತಿರ ಹರಿದಾಸರನ್ನು ತಡೆದು ನಿಲ್ಲಿಸಿದೆ. "ನಾಚಿಕಿ ಆಗಂಗಿಲ್ಲೇನ್ರಿ ನಿಮಗ?" ಎಂದೆ. ಸಿಟ್ಟು ಬಂದರೆ ನನಗೆ ತವರಿನ ಮಾತೇ ಬಾಯಿಗೆ ಬರುತ್ತದೆ.

ಅವರಿಗೆ ಸಿಟ್ಟೇ ಬರಲಿಲ್ಲ. "ಒಂಬತ್ತು ಅಂತ ಬರೆಸಿದ್ದು ನೀವಲ್ವಾ ಮೇಡಂ? ನಾನು ಒಂದು ಅಂತಲೇ ಇಟ್ಟಿದ್ದೆ. ಅವರು ಒಟ್ಟಿಗೆ ಊಟ ಮಾಡ್ಕೊಂಡು ಚಂದ ಇದ್ರು. ಒಂದಾದ್ರೆ ಒಂದು ಕಕ್ಕಸು. ಒಂಬತ್ತಾದ್ರೆ ಮೂರು ಮನೆ ಖಾಲಿ. ನನಗೆ ಎರಡೂ ಆದೀತು ಮಾರಾಯ್ರೆ. ಸಿಂಹಸ್ಥ ಕುಂಭಮೇಳ ಹತ್ರ ಬಂತು, ಯಾತ್ರಿಕರಿಗೆ ರೂಮು ಬೇಕೇ ಬೇಕು" ಎಂದು ಕೈಮುಗಿದು ಲಿಫ್ಟಿನೊಳಗೆ ಹೋದರು. ಲಿಫ್ಟಿನ ಬಾಗಿಲಿಗೆ ಉಗಿಯಬೇಕೆನಿಸಿತು. ಕಸ ಗುಡಿಸುವವಳ ನೆನಪಾಗಿ ನುಂಗಿಕೊಂಡೆ.

ಹದಿನೈದು ದಿನಕ್ಕೆ ನಗರಪಾಲಿಕೆಯ ನೋಟಿಸು ತಯಾರಾಯಿತು. ನಿಯಮ ಮೀರಿದ ಮೂರು ಕುಟುಂಬಗಳು ಅರವತ್ತು ದಿನಗಳಲ್ಲಿ ತೆರವು ಮಾಡಬೇಕು. ಯಾರು ಎಂಬುದನ್ನು ಮಾಲೀಕರು ಸೂಚಿಸುತ್ತಾರೆ. ಎಣಿಕೆ ತಪ್ಪೆನಿಸಿದರೆ ಒಮ್ಮೆ ಮಾತ್ರ ಮರುಎಣಿಕೆ ಕೋರಬಹುದು. ಕನ್ನಡದವರಲ್ಲವೇ, ನೀವೇ ಓದಿ ಹೇಳಿ ಬನ್ನಿ ಎಂದು ನನ್ನನ್ನೇ ಕಳಿಸಿದರು. ಖೈರ್ನಾರ್ ಜೊತೆಗೆ ಬಂದ.

ಆ ಪಡಸಾಲೆಯಲ್ಲಿ ನಿಂತು ಓದಿದೆ. ದೊಡ್ಡ ಒಲೆ ಅಲ್ಲೇ ಇತ್ತು, ಹಚ್ಚಿರಲಿಲ್ಲ. ಹರಿದಾಸರು ಸೂಚಿಸಿದ್ದ ಮೂರು ಕುಟುಂಬಗಳೂ ಮೊದಲ ಮಾಳಿಗೆಯವು: ಶರಣಬಸವನ ಸಂಸಾರ, ಒಬ್ಬಂಟಿ ಶಿವರಾಯ, ಮೂರನೆಯದು ತ್ರ್ಯಂಬಕೇಶ್ವರದ ಲಾಡ್ಜಿನಲ್ಲಿ ಬಟ್ಟೆ ಒಗೆಯುವ ನೀಲಾಂಬಿಕಾ ಮತ್ತು ಅವಳ ತಾಯಿ. ಪ್ರೇಮಾಬಾಯಿಯ ಮನೆ ಆ ಪಟ್ಟಿಯಲ್ಲಿರಲಿಲ್ಲ. ಉಳಿದ ಆರು ಕುಟುಂಬಕ್ಕೆ ಮೂರು ಕಕ್ಕಸು ಬೇಕು, ಇನ್ನೆರಡು ಕಟ್ಟಿಸಬೇಕು ಎಂದೂ ಅದೇ ಕಾಗದದಲ್ಲಿತ್ತು. ಸೊಸೆಗೆ ಕಕ್ಕಸು ಸಿಗುತ್ತಿತ್ತು.

ಶಿವರಾಯ ಮುದುಕ ನೆಲದ ಮೇಲೆ ಕೂತುಬಿಟ್ಟ. "ಈ ವಯಸ್ಸಿನಾಗ ನನಗ್ಯಾರು ಖೋಲಿ ಕೊಡ್ತಾರ?" ಎಂದ. ನೀಲಾಂಬಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪ್ರೇಮಾಬಾಯಿ ನನ್ನ ಹತ್ತಿರ ಬಂದಳು. "ಅಕ್ಕೋರ, ಮತ್ತೊಂದು ಸಲ ಎಣಸ್ಲಾಕ ಬರ್ತದಂದ್ರಲ್ಲ. ಈಗೇ ಎಣಸ್ರಿ. ಒಂದೇ ಮನೆತನ ಅಂತ ಬರೀರಿ."

"ಒಂದು ಅಂತ ಬರದ್ರ ಒಂದೇ ಕಕ್ಕಸ ರಿ. ಮತ್ತ ತಿದ್ದಲಾಕ ಬರಂಗಿಲ್ಲ. ನಿಮ್ಮ ಸೊಸಿ..."

"ಗೊತ್ತದ ರಿ." ಅವಳು ತಿರುಗಿ ರುಚಿತಾಳನ್ನು ನೋಡಿದಳು. ಆ ಹುಡುಗಿಗೆ ದಿನ ತುಂಬುತ್ತಿತ್ತು, ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. "ಏನಂತಿ ಅವ್ವ?"

ರುಚಿತಾ ಗೋಡೆಗೆ ಒರಗಿ ನಿಂತಿದ್ದಳು. ಶಿವರಾಯನ ಕಡೆ ನೋಡಿ, "ಬರಸ್ರಿ ಅತ್ತಿ. ನಾ ಹೆಂಗರ ಮಾಡ್ತೀನಿ" ಎಂದಳು.

ಹೆಂಗಸರು ಹೋಗಿ ಒಂಬತ್ತು ಒಲೆಗಳನ್ನೂ ಮತ್ತೆ ಅಟ್ಟಕ್ಕೆ ಏರಿಸಿ ಬಂದರು. ಖೈರ್ನಾರ್ ಎಲ್ಲ ಕೋಣೆಗಳನ್ನೂ ಸುತ್ತಿ ಬಂದು ಫಾರ್ಮನ್ನು ನನ್ನ ಕೈಗೆ ಕೊಟ್ಟ, ಮರುಎಣಿಕೆಯ ಫಾರ್ಮನ್ನು ಕಂಪನಿಯ ಹಿರಿಯ ಸಿಬ್ಬಂದಿಯೇ ತುಂಬಬೇಕಂತೆ. ಬೇರೆ ಏನಾದರೂ ದಾರಿ ಇದೆಯೇ ಎಂದು ಆ ಹಾಳೆಯನ್ನು ತಿರುವಿ ಮುರುವಿ ನೋಡಿದೆ. ಇರಲಿಲ್ಲ. ಎಲ್ಲ ದಾರಿಗಳನ್ನೂ ನನ್ನ ಒಂದು ಸಾಲಿನ ಜಾಣತನವೇ ಮುಚ್ಚಿತ್ತು. ಕುಟುಂಬಗಳ ಸಂಖ್ಯೆ ಎಂಬಲ್ಲಿ ಒಂದು ಎಂದು ಬರೆದು ಸಹಿ ಹಾಕಿದೆ.

ಖೈರ್ನಾರ್ ಓದಿಕೊಂಡ. ಬೇಕಾದ ಕಕ್ಕಸು ಒಂದು, ಇರುವ ಕಕ್ಕಸು ಒಂದು. "ಬರೋಬರ್" ಎಂದ, "ಈ ಓಣಿಯಲ್ಲಿ ನಿಯಮದ ಪ್ರಕಾರ ಪೂರ್ತಿ ಸರಿಯಿರುವ ಮೊದಲನೆಯ ವಾಡೆ ಇದೇ." ನಿಜವಾಗಿಯೂ ಖುಷಿಯಿಂದಲೇ ಹೇಳಿದ.

ಪ್ರೇಮಾಬಾಯಿ ನನ್ನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. "ನೀವು ಇದ್ದುದ್ದಕ್ಕ ಉಳದೇವ್ರಿ ಅಕ್ಕೋರ. ನಿಮ್ಮ ಉಪಕಾರ ಸಾಯೋತನ ಮರಿಯಂಗಿಲ್ಲ" ಎಂದಳು. ಶಿವರಾಯ ಮುದುಕ ನನ್ನ ಕಾಲಿಗೆ ಬಾಗಲು ಬಂದ. ಹಿಂದೆ ಸರಿದೆ. ಕೈ ಬಿಡಿಸಿಕೊಂಡೆ. ಗಂಟಲಿಗೆ ಏನೋ ಕಹಿಯಾದದ್ದು ಉಕ್ಕಿ ಬಂತು, ಹಿತ್ತಿಲಿಗೆ ಓಡಿದೆ.

ತಗಡಿನ ಬಾಗಿಲ ಮುಂದೆ ಐದು ಜನ ನಿಂತಿದ್ದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಆರನೆಯವಳಾಗಿ ನಿಂತೆ.